ಅಷ್ಟಮಿ ನೋಡಿ ನೀರಿಗಿಳಿಯುವುದು: ತುಮಕೂರಿನಿಂದ ಬ್ಲೂ ಹೆರಾನ್ ಸೇತುವೆಯ ಕೆಳಗೆ

ಹೊರಡುವ ಮುಂಚೆ

ತುಮಕೂರು ಸೀಮೆಯಲ್ಲಿ ಈಜು ಕಲಿಯುವುದು ಬಾವಿಯಲ್ಲಿ. ಸೊಂಟಕ್ಕೆ ಒಣಗಿದ ಸೋರೆಬುರುಡೆಯೋ ಬಾಳೆದಿಂಡೋ ಕಟ್ಟಿ ಮೆಟ್ಟಿಲ ಮೇಲಿಂದ ತಳ್ಳಿದರೆ ಪಾಠ ಮುಗಿಯಿತು. ಹಾಗೆ ಕಲಿತವರಿಗೆ ನೀರಿನ ಹೆದರಿಕೆ ಇರುವುದಿಲ್ಲ. ಆದರೆ ನೀರು ತಾನಾಗಿ ಹರಿದು ಮನುಷ್ಯನನ್ನು ಎಳೆದೊಯ್ಯುತ್ತದೆ ಎಂಬ ಅಂದಾಜೂ ಇರುವುದಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ, ರಿವಿಯೆರಾ ಬೀಚ್ ಊರಿನ ಬ್ಲೂ ಹೆರಾನ್ ಸೇತುವೆಯ ಕೆಳಗೆ, ಗಾಳಿಯ ಸಿಲಿಂಡರ್ ಹೊತ್ತು ಸ್ಕೂಬಾ ಡೈವ್ ಮಾಡುವ ಜಾಗದಲ್ಲಿ, ಹೆಚ್ಚೆಂದರೆ 6 ಮೀಟರ್ ಆಳ, ಸರಾಸರಿ 3 ಮೀಟರ್ ಎಂದರೆ ನಮ್ಮ ಕಡೆಯವರು "ಬಾವಿ ತಳದಿಂದ ಬಿಂದಿಗೆ ತಂದೋರಿಗೆ ಇದ್ಯಾವ ಲೆಕ್ಕ ಬಿಡಿ ಸಾರ್" ಅನ್ನುತ್ತಾರೆ. ಆಳ ಲೆಕ್ಕಕ್ಕಿಲ್ಲ ನಿಜ. ಅಲ್ಲಿ ಲೆಕ್ಕಕ್ಕಿರುವುದು ಹೊತ್ತು. ಒಂದೇ ಜಾಗ ಮಧ್ಯಾಹ್ನ ಒಂದಕ್ಕೆ ತಿಳಿನೀರಾಗಿ ನಿಂತಿದ್ದರೆ ನಾಲ್ಕಕ್ಕೆ ಕಂದು ಬಣ್ಣದ ಹೊಳೆಯಾಗಿ ಹರಿಯುತ್ತಿರುತ್ತದೆ.

ಕಾರಣ ಸರಳ. ಸೇತುವೆ ನಿಂತಿರುವುದು ಲೇಕ್ ವರ್ತ್ ಲಗೂನ್ ಎಂಬ ಹಿನ್ನೀರಿನ ಮೇಲೆ. ಸುಮಾರು 32 ಕಿಲೋಮೀಟರ್ ಉದ್ದದ ಈ ಹಿನ್ನೀರಿಗೆ ಸಮುದ್ರದ ಬಾಯಿ ಎರಡೇ. ಅದರಲ್ಲಿ ಒಂದಾದ ಲೇಕ್ ವರ್ತ್ ಇನ್ಲೆಟ್ ಸೇತುವೆಯ ದಕ್ಷಿಣಕ್ಕೆ, ಹತ್ತಿರದಲ್ಲೇ ಇದೆ. ತೂಬು ಎತ್ತಿದ ಕೆರೆಯ ಹಾಗೆ, ಅಷ್ಟೂ ನೀರು ಕಿರಿದಾದ ಬಾಯಲ್ಲೇ ಒಳಬಂದು ಅದರಲ್ಲೇ ಹೊರಹೋಗಬೇಕು. ಉಬ್ಬರದಲ್ಲಿ ಹೊರಗಡಲಿನ ಸ್ವಚ್ಛ ನೀರು ಒಳಗೆ ನುಗ್ಗಿ ಸೇತುವೆಯ ಕೆಳಗೆ ಉತ್ತರಕ್ಕೆ ಹೋಗುತ್ತದೆ. ಇಳಿತದಲ್ಲಿ ಲಗೂನಿನ ಕೊಳೆ, ಕೆಸರು, ಕಾಲುವೆ ನೀರು ಎಲ್ಲ ಸೇರಿ ದಕ್ಷಿಣಕ್ಕೆ ಹಿಂದಿರುಗುತ್ತದೆ. ಇವೆರಡರ ನಡುವೆ, ಉಬ್ಬರದ ತುದಿಯಲ್ಲಿ, ನೀರು ಸ್ವಲ್ಪ ಹೊತ್ತು ನಿಲ್ಲುತ್ತದೆ. ಡೈವ್ ಮಾಡುವುದು ಆ ಹೊತ್ತಿನಲ್ಲಿ. ವಿಮಾನದ ಟಿಕೆಟ್ಟಿನಿಂದ ಹಿಡಿದು ಊಟದ ವೇಳೆಯವರೆಗೆ ಎಲ್ಲವನ್ನೂ ಅಲ್ಲಿಂದ ಹಿಂದಕ್ಕೆ ಎಣಿಸಬೇಕು.

ವಾರವನ್ನು ಆರಿಸಲು ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ದೊಡ್ಡದು, ಸೆಳೆತ ಜೋರು, ನೀರು ನಿಲ್ಲುವ ಹೊತ್ತು ಚಿಕ್ಕದು. ಅಷ್ಟಮಿಯ ಆಸುಪಾಸು, ಅದರಲ್ಲೂ ಮರುದಿನ ಅಥವಾ ಅದರ ಮರುದಿನ, ಏರಿಳಿತ ಕಡಿಮೆ, ಸೆಳೆತ ಮೆದು. ಇನ್ನೊಂದು ಅನುಕೂಲವೂ ಇದೆ. ಈ ಸೇತುವೆಯ ಬಳಿ ಅಮಾವಾಸ್ಯೆ, ಹುಣ್ಣಿಮೆಯ ದಿನ ಉಬ್ಬರದ ತುದಿ ಬೆಳಗ್ಗೆ ಮತ್ತು ರಾತ್ರಿ 9ರಿಂದ 10ರ ಸುಮಾರಿಗೆ ಬೀಳುತ್ತದೆ. ದಿನಕ್ಕೆ ಸರಾಸರಿ 50 ನಿಮಿಷ ಮುಂದಕ್ಕೆ ಸರಿಯುತ್ತ ಅಷ್ಟಮಿಯ ಹೊತ್ತಿಗೆ ಮಧ್ಯಾಹ್ನ 3, 4 ಗಂಟೆಗೆ ಬರುತ್ತದೆ. ಹಾಗಾಗಿ ಪಂಚಮಿಯಿಂದ ಅಷ್ಟಮಿಯವರೆಗಿನ ನಾಲ್ಕು ದಿನ ಹಗಲು ಬೆಳಕೂ ಸಿಗುತ್ತದೆ, ಮೆದು ಸೆಳೆತವೂ ಸಿಗುತ್ತದೆ. ಆ ನಾಲ್ಕು ದಿನ ಸೋಮವಾರದಿಂದ ಗುರುವಾರದೊಳಗೆ ಬಿದ್ದರೆ ಇನ್ನೂ ಒಳ್ಳೆಯದು. ಶನಿವಾರ, ಭಾನುವಾರ ಅಲ್ಲಿ ದೋಣಿಗಳ ಜಾತ್ರೆ.

ತಿಂಗಳು: ಏಪ್ರಿಲ್, ಮೇ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ, ಜೊತೆಗೆ ಮಳೆ. ಜೋರು ಮಳೆಯಾದರೆ ಸಿ-17, ಸಿ-51 ಕಾಲುವೆಗಳ ನೀರು ಲಗೂನಿಗೆ ಬಂದು, ಉಬ್ಬರದ ತುದಿಯಲ್ಲೂ ಕೈ ಕಾಣದಷ್ಟು ಮಬ್ಬಾಗಬಹುದು. ಚಳಿಗಾಲದಲ್ಲಿ ನೀರು 21, 22 ಡಿಗ್ರಿಗೆ ಇಳಿಯುತ್ತದೆ. ನಮ್ಮ ಕಡೆಯ ಮೈಗೆ ಅದು ಚಳಿಯೇ.

ಪಂಚಾಂಗ ವಾರ ಆರಿಸುವುದಕ್ಕೆ ಮಾತ್ರ. ಗಂಟೆ, ನಿಮಿಷಕ್ಕೆ ಅಮೆರಿಕ ಸರ್ಕಾರದ ನೋವಾ ಸಂಸ್ಥೆಯ ಉಬ್ಬರದ ಪಟ್ಟಿಯನ್ನೇ ನೋಡಬೇಕು. ಅಲ್ಲಿ ಎಡವುವುದು ಎರಡು ಕಡೆ. ಮೊದಲನೆಯದು ಕೇಂದ್ರದ ಹೆಸರು. ಹುಡುಕಿದರೆ 'ಲೇಕ್ ವರ್ತ್ ಪಿಯರ್' ಮೇಲೆ ಬರುತ್ತದೆ, ಆದರೆ ಅದು ಹೊರಗಡಲಿನ ದಂಡೆ. ಒಳಗೆ ನೀರು ತುಂಬುವುದು ತಡ. ಆರಿಸಬೇಕಾದದ್ದು 'ಪೋರ್ಟ್ ಆಫ್ ಪಾಮ್ ಬೀಚ್'. ಎರಡನೆಯದು ಸಮಯದ ಆಯ್ಕೆ. ಪಟ್ಟಿಯಲ್ಲಿ ಗ್ರೀನಿಚ್ ಸಮಯ, ಸ್ಥಳೀಯ ಪ್ರಮಾಣ ಸಮಯ, ಬೇಸಿಗೆ ಗಂಟೆ ಸೇರಿಸಿದ ಸ್ಥಳೀಯ ಸಮಯ ಮೂರೂ ಇರುತ್ತವೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ. ತಪ್ಪು ಸಾಲು ಓದಿದರೆ ನೀರಿಗಿಳಿಯುವುದು ಒಂದು ಗಂಟೆ ಹಿಂದು ಮುಂದಾಗುತ್ತದೆ. ಇಲ್ಲಿ ಒಂದು ಗಂಟೆ ಅಂದರೆ ಇಡೀ ಡೈವ್.

ಸ್ಕೂಬಾ ಕಲಿಕೆಯ ಮೊದಲ ಹಂತವಾದ ಓಪನ್ ವಾಟರ್ ಪ್ರಮಾಣಪತ್ರವಿಲ್ಲದೆ ಅಲ್ಲಿನ ಅಂಗಡಿಯವರು ಸಿಲಿಂಡರ್ ಕೊಡುವುದಿಲ್ಲ. ಕರ್ನಾಟಕದಲ್ಲೇ ಮುರ್ಡೇಶ್ವರದ ನೇತ್ರಾಣಿಯಲ್ಲಿ, ಮಳೆಗಾಲ ಬಿಟ್ಟು, ಕಲಿಯಬಹುದು. ಅದನ್ನು ಮುಗಿಸಿ ಹೊನ್ನಾವರ, ಸಾಗರ, ಶಿವಮೊಗ್ಗ, ಅರಸೀಕೆರೆ, ತಿಪಟೂರು ಹಾದಿಯಲ್ಲಿ ಊರಿಗೆ ಮರಳುವಾಗ ನೆನಪಿಡಬೇಕಾದ ಸಂಗತಿ ಒಂದಿದೆ. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಡೈವ್ ಆದ ಮೇಲೆ ವಿಮಾನ ಹತ್ತಲು ಕಾಯಬೇಕು ಎಂಬ ನಿಯಮ 600 ಮೀಟರಿಗಿಂತ ಎತ್ತರದ ಗಾಳಿಯೊತ್ತಡಕ್ಕೆ ಅನ್ವಯಿಸುತ್ತದೆ. ಹಾಗಾಗಿ ಮಧ್ಯಾಹ್ನ ನೇತ್ರಾಣಿಯಲ್ಲಿ ಮುಳುಗಿ ಸಂಜೆಯೇ ಘಾಟಿ ಹತ್ತುವುದೂ ಒಂದರ್ಥದಲ್ಲಿ ವಿಮಾನ ಹತ್ತಿದಂತೆಯೇ. ಆ ರಾತ್ರಿ ಕರಾವಳಿಯಲ್ಲೇ ಉಳಿಯಿರಿ.

ನೇತ್ರಾಣಿ ದೋಣಿಯ ಡೈವ್. ಮೇಲೆ ಬಂದರೆ ಹತ್ತಿಸಿಕೊಳ್ಳಲು ಯಾರೋ ಇರುತ್ತಾರೆ. ಬ್ಲೂ ಹೆರಾನ್ ದಡದ ಡೈವ್, ಹೋಗುವುದೂ ಬರುವುದೂ ನಿಮ್ಮ ಕಾಲಿನ ಬಲದಿಂದಲೇ. ಆದ್ದರಿಂದ ಹೊರಡುವ ಮೊದಲು ಈಜುಕೊಳದಲ್ಲಿ ಎರಡು ಅಭ್ಯಾಸ ಆಗಬೇಕು. ಒಂದು, ತಳಕ್ಕೆ ಒಂದು ಅಡಿ ಮೇಲೆ ತೇಲುತ್ತ, ಕಪ್ಪೆಯ ಕಾಲಿನ ಒದೆತದಲ್ಲಿ ಮುಂದೆ ಹೋಗುವುದು. ಕತ್ತರಿಯಂತೆ ಕಾಲು ಬಡಿದರೆ ಸೇತುವೆಯ ಕೆಳಗಿನ ಹೂಳು ಎದ್ದು ಹಿಂದಿನವರಿಗೆ ಏನೂ ಕಾಣುವುದಿಲ್ಲ. ಇನ್ನೊಂದು, ಒಂದು ಕೈಯಲ್ಲಿ, ಕೆಳಗೆ ಡೈವರ್ ಇದ್ದಾರೆಂದು ದೋಣಿಯವರಿಗೆ ತೋರಿಸಲು ಮೇಲೆ ತೇಲುವ ಬೂಯ್‌ನ ಹಗ್ಗದ ರೀಲ್ ಹಿಡಿದು, ಇನ್ನೊಂದು ಕೈಯಲ್ಲೇ ಮಾಸ್ಕಿನ ನೀರು ಹೊರಹಾಕುವುದು, ಬಿಸಿಡಿಯ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್ಟಿನ) ಗಾಳಿ ಬಿಡುವುದು.

ಮೊದಲ ಮತ್ತು ಎರಡನೆಯ ದಿನ, ಶುಕ್ರವಾರ, ಶನಿವಾರ

ತುಮಕೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬೆಂಗಳೂರಿನೊಳಗೆ ನುಗ್ಗುವುದು ಬೇಡ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗಿ. ದೋಹಾ ಅಥವಾ ದುಬೈಯಲ್ಲಿ ವಿಮಾನ ಬದಲಿಸಿ ಮಯಾಮಿ ತಲುಪಬಹುದು. ಅಲ್ಲಿಂದ ಉತ್ತರಕ್ಕೆ ಸುಮಾರು 120 ಕಿಲೋಮೀಟರ್, ಐ-95 ಹೆದ್ದಾರಿ.

ಕೈಚೀಲದಲ್ಲಿ ಹೋಗಬೇಕಾದದ್ದು ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಉಪಕರಣ), ಮಾಸ್ಕ್, ಡೈವ್ ಕಂಪ್ಯೂಟರ್, ಟಾರ್ಚ್ ಮತ್ತು ಕ್ಯಾಮೆರಾದ ಲಿಥಿಯಂ ಬ್ಯಾಟರಿ. ಬಿಡಿ ಬ್ಯಾಟರಿಯ ತುದಿಗೆ ಟೇಪ್ ಅಂಟಿಸಿ. ಚಾಕು, ಕತ್ತರಿ, ಕಾಲಿಗೆ ತೊಡುವ ಫಿನ್, ಬಿಸಿಡಿ ಎಲ್ಲ ದೊಡ್ಡ ಪೆಟ್ಟಿಗೆಗೆ. ಮುಳುಗಲು ಮೈಗೆ ಕಟ್ಟಿಕೊಳ್ಳುವ ಸೀಸ ಹೊತ್ತೊಯ್ಯಬೇಡಿ, ಅಲ್ಲೇ ಸಿಗುತ್ತದೆ. ಊಟಕ್ಕೆ ಹುರಿಗಾಳು, ಅವಲಕ್ಕಿ, ಚಟ್ನಿಪುಡಿ ಸಾಕು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಆಸೆಯನ್ನು ವಾಪಸು ಬರುವವರೆಗೆ ಕಟ್ಟಿಡಿ.

ಪ್ರವಾಸದ ವೈದ್ಯಕೀಯ ವಿಮೆಯಲ್ಲಿ ಸ್ಕೂಬಾ ಸೇರಿದೆಯೇ ಎಂದು ಓದಿ ನೋಡಬೇಕು. ಬಹಳ ಪಾಲಿಸಿಗಳಲ್ಲಿ ಅದನ್ನು ಬಿಟ್ಟಿರುತ್ತಾರೆ.

ಮೂರನೆಯ ದಿನ, ಭಾನುವಾರ, ಚೌತಿ

ಇವತ್ತು ನೀರಿಗಿಳಿಯುವುದಿಲ್ಲ. ಒಂದು ದಿನಕ್ಕೂ ಹೆಚ್ಚಿನ ಪ್ರಯಾಣ, ನಿದ್ದೆಗೇಡು, ವಿಮಾನದ ಒಣಗಾಳಿ ಎಲ್ಲ ಸೇರಿ ಮೈಯಲ್ಲಿ ನೀರು ಕಡಿಮೆಯಾಗಿರುತ್ತದೆ. ಮೂಗು ಕಟ್ಟಿದ್ದರೆ ಮೂರೇ ಮೀಟರ್ ಆಳವೂ ಕಿವಿ ಕೆಡಿಸಲು ಸಾಕು.

ಬೆಳಗ್ಗೆ ಡೈವ್ ಅಂಗಡಿ. ಅಲ್ಲಿನ ಸಾಮಾನ್ಯ ಸಿಲಿಂಡರ್ ಅಲ್ಯೂಮಿನಿಯಂ 80. ನಮ್ಮ ಅಳತೆಯಲ್ಲಿ ಸುಮಾರು 11 ಲೀಟರ್, ತುಂಬಿದಾಗ ಗಾಳಿಯ ಒತ್ತಡ 3000 ಪಿಎಸ್‌ಐ, ಅಂದರೆ 207 ಬಾರ್. ಮೀಟರಿನಲ್ಲಿ ಬಾರ್ ನೋಡಿ ಅಭ್ಯಾಸವಾದವರು 3000, 1000, 500 ಈ ಮೂರು ಅಂಕಿ ಬಾಯಿಪಾಠ ಮಾಡಿಕೊಳ್ಳಲಿ: ಶುರು, ದಡದ ಕಡೆ ಮುಖ, ದಡದಲ್ಲಿ. ಸೀಸ ಪೌಂಡಿನಲ್ಲಿ ಕೊಡುತ್ತಾರೆ, 1 ಕಿಲೋಗೆ 2.2 ಪೌಂಡ್.

ಸೀಸದ ಲೆಕ್ಕ ಈಗಲೇ ಆಗಬೇಕು. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ಆಳು ಮತ್ತು ಸಾಮಾನು ಸೇರಿ 100 ಕಿಲೋ ಇದ್ದರೆ, ಈಜುಕೊಳದಲ್ಲಿ ಸಾಕಾಗಿದ್ದ ಸೀಸಕ್ಕೆ ಇಲ್ಲಿ 2.5 ಕಿಲೋ ಸೇರಿಸಬೇಕು. ಇನ್ನೊಂದು ಮೋಸವೂ ಇದೆ. ತುಂಬಿದ ಅಲ್ಯೂಮಿನಿಯಂ ಸಿಲಿಂಡರ್ ನೀರಿನಲ್ಲಿ ಕೆಳಗೆಳೆಯುತ್ತದೆ, ಖಾಲಿಯಾಗುತ್ತ ಬಂದಂತೆ 2 ಕಿಲೋದಷ್ಟು ಮೇಲಕ್ಕೆಳೆಯುತ್ತದೆ. ಶುರುವಿನಲ್ಲಿ ಸರಿಯಾಗಿದ್ದವರು ಕೊನೆಯ ಹತ್ತು ನಿಮಿಷ ತಲೆಕೆಳಗಾಗಿ ಒದ್ದಾಡುವುದು ಇದಕ್ಕೇ. ಮೂರು ಮೀಟರ್ ಆಳದಲ್ಲಿ, ಮೈ ಬೆಚ್ಚಗಿಡುವ ರಬ್ಬರ್ ಉಡುಪಾದ ವೆಟ್‌ಸೂಟ್ ಅಷ್ಟಾಗಿ ಅದುಮಿಕೊಳ್ಳುವುದೂ ಇಲ್ಲ, ಹಾಗಾಗಿ ಆಳದ ಡೈವಿಗಿಂತ ಇಲ್ಲಿ ಸೀಸ ಸ್ವಲ್ಪ ಜಾಸ್ತಿಯೇ ಬೇಕು. ಸೂಟ್ ಮೇ ತಿಂಗಳಿಗೆ 3 ಮಿಲಿಮೀಟರ್ ಸಾಕು. ಚಳಿ ಜಾಸ್ತಿ ಎನ್ನುವವರು 5 ತೆಗೆದುಕೊಳ್ಳಲಿ.

ಮಧ್ಯಾಹ್ನ 11ರಿಂದ 2ರವರೆಗೆ ಫಿಲ್ ಫಾಸ್ಟರ್ ಪಾರ್ಕಿನಲ್ಲಿ ಸುಮ್ಮನೆ ಕೂತು ನೋಡಬೇಕು. ಮುಖ್ಯಭೂಮಿಗೂ ಸಿಂಗರ್ ದ್ವೀಪಕ್ಕೂ ನಡುವೆ, ರಸ್ತೆಯ ಕೆಳಗೆ ಹಾಸಿಕೊಂಡಿರುವ ನಡುಗಡ್ಡೆ ಇದು. ಪಶ್ಚಿಮಕ್ಕೆ ಎತ್ತರದ ಸೇತುವೆ, ಅದರ ಕೆಳಗೆ ದೊಡ್ಡ ದೋಣಿಗಳ ಜಲಮಾರ್ಗ. ಪೂರ್ವಕ್ಕೆ ತಗ್ಗಿನ ಚಿಕ್ಕ ಸೇತುವೆ. ದಕ್ಷಿಣಕ್ಕೆ ಮರಳ ದಡ, ಜೀವರಕ್ಷಕರು, ಈಜುವವರು. ದಡದ ಮುಂದೆ ನೀರಿನೊಳಗೆ ಸ್ನಾರ್ಕೆಲ್ ಹಾದಿ, ಬಾಯಲ್ಲಿ ಉಸಿರುಕೊಳವೆ ಕಚ್ಚಿ ಮೇಲಿನಿಂದ ನೋಡುತ್ತ ಈಜುವವರಿಗೆ. ಇನ್ನೂ ದಕ್ಷಿಣಕ್ಕೆ ಪೀನಟ್ ದ್ವೀಪ.

ಪಟ್ಟಿಯಲ್ಲಿ ಉಬ್ಬರದ ತುದಿ 12:00 ಎಂದಿದೆ ಎನ್ನೋಣ. (ಇಲ್ಲಿಂದ ಮುಂದಿನ ಗಂಟೆಗಳೆಲ್ಲ ಲೆಕ್ಕ ತೋರಿಸಲು. ನಿಮ್ಮ ವಾರದ ಗಂಟೆ ಪಟ್ಟಿಯಲ್ಲೇ ಸಿಗಬೇಕು.) ಕಂಬದ ಸುತ್ತ ನೀರು ಸುಳಿಯುವುದನ್ನು ನೋಡಿ. ತುದಿ ಮುಟ್ಟಿತು ಎಂದು ಪಟ್ಟಿ ಹೇಳುವ ನಿಮಿಷವೂ ಸೆಳೆತ ನಿಲ್ಲುವ ನಿಮಿಷವೂ ಒಂದೇ ಆಗಿರಲೇಬೇಕೆಂದಿಲ್ಲ. ನೀರಿನ ಮಟ್ಟ ಬೇರೆ, ನೀರಿನ ಓಟ ಬೇರೆ. ಪೂರ್ವದಿಂದ ಗಾಳಿ ಜೋರಾಗಿ ಬೀಸಿದರೆ ಇನ್ನಷ್ಟು ವ್ಯತ್ಯಾಸ. ಸುಳಿ ಯಾವಾಗ ಸತ್ತಿತು, ಎದುರು ದಿಕ್ಕಿನ ಸುಳಿ ಯಾವಾಗ ಹುಟ್ಟಿತು ಎಂಬ ಎರಡು ಹೊತ್ತು ಬರೆದಿಟ್ಟುಕೊಂಡರೆ ಈ ವಾರದ ಮಟ್ಟಿಗೆ ಅದೇ ತಿದ್ದುಪಡಿ. ಭಾನುವಾರದ ದೋಣಿಗಳ ಓಡಾಟವನ್ನೂ ಕಣ್ಣಾರೆ ನೋಡಿದವರು ಬೂಯ್ ಬಿಟ್ಟು ನೀರಿಗಿಳಿಯುವ ಮಾತೇ ಆಡುವುದಿಲ್ಲ.

ನಾಲ್ಕನೆಯ ದಿನ, ಸೋಮವಾರ, ಪಂಚಮಿ

ಉಬ್ಬರದ ತುದಿ 12:50. ಗಾಳಿಯ ಲೆಕ್ಕದಿಂದ ಶುರು ಮಾಡೋಣ. 200 ಬಾರಿನಿಂದ 50ಕ್ಕೆ ಇಳಿಯುವಷ್ಟನ್ನು ಖರ್ಚು ಮಾಡಬಹುದು: 150 ಇಂಟು 11, ಅಂದರೆ 1650 ಲೀಟರ್. ನಾಲ್ಕು ಮೀಟರ್ ಆಳದಲ್ಲಿ ಒತ್ತಡ 1.4 ಪಟ್ಟು. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು ಅಲ್ಲಿ 28 ಲೀಟರ್ ಎಳೆಯುತ್ತಾರೆ, ಹಾಗಾಗಿ 59 ನಿಮಿಷ. ಹೊಸಬರದು 25 ಲೀಟರ್ ಎಂದು ಹಿಡಿದರೆ 35 ಆಗುತ್ತದೆ, 47 ನಿಮಿಷ. ಜೋಡಿಯಲ್ಲಿ ಹೆಚ್ಚು ಉಸಿರಾಡುವವರ ಲೆಕ್ಕವೇ ಇಬ್ಬರಿಗೂ. ಗಂಟೆಗಟ್ಟಲೆ ಒಳಗಿರುವ ಹಳಬರು ತುದಿಗೆ ಒಂದು ಗಂಟೆ ಮೊದಲೇ ಇಳಿಯುತ್ತಾರೆ. 47 ನಿಮಿಷದವರು ಹಾಗೆ ಇಳಿದರೆ ನೀರು ತಿಳಿಯಾಗುವಷ್ಟರಲ್ಲಿ ಗಾಳಿ ಮುಗಿದಿರುತ್ತದೆ. ಅವರು 12:20ಕ್ಕೆ ಮುಳುಗಿ 1:07ಕ್ಕೆ ದಡದಲ್ಲಿರಬೇಕು.

ಅದರಿಂದ ಹಿಂದಕ್ಕೆ: 12:05ಕ್ಕೆ ನೀರಿನಂಚು, 11:45ಕ್ಕೆ ಜೋಡಿ ತಪಾಸಣೆ, 11:15ಕ್ಕೆ ಸಾಮಾನು ಜೋಡಣೆ, 10:50ಕ್ಕೆ ವಾಹನ ನಿಲ್ಲಿಸುವುದು. ತಿಂಡಿ 9ಕ್ಕೆ ಮುಗಿದಿರಬೇಕು. ಜೋಡಿಸುವಾಗ ಕೈಕೊಡುವುದು ಹೆಚ್ಚಾಗಿ ಸಿಲಿಂಡರ್ ಕವಾಟದ ಓ-ರಿಂಗ್, ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ. ತೆರೆದ ಕೂಡಲೇ ಸುಯ್ ಎಂದರೆ ಅದೇ. ಬಿಡಿ ಓ-ರಿಂಗ್ ಐದಾರು ಜೇಬಿನಲ್ಲಿರಲಿ. ಅದೊಂದಿಲ್ಲದೆ ಆ ದಿನದ ಉಬ್ಬರವೇ ಕೈತಪ್ಪುತ್ತದೆ. ಮುಂದಿನದು ಹನ್ನೆರಡೂವರೆ ಗಂಟೆ ಬಿಟ್ಟು, ನಡುರಾತ್ರಿ ದಾಟಿದ ಮೇಲೆ.

ಬೂಯ್ ವಿಷಯದಲ್ಲಿ ಫ್ಲಾರಿಡಾದ ಕಾನೂನು ಖಚಿತ. ಕೆಂಪು ಹಿನ್ನೆಲೆಯಲ್ಲಿ ಓರೆಯ ಬಿಳಿ ಪಟ್ಟೆಯ ಬಾವುಟ, ತೇಲುವ ಬೂಯ್ ಮೇಲೆ ಕನಿಷ್ಠ 12 ಇಂಚು ಉದ್ದಗಲ, ಗಾಳಿ ಇಲ್ಲದಿದ್ದರೂ ಬಿಚ್ಚಿ ನಿಲ್ಲುವಂತೆ ಒಳಗೆ ಕಡ್ಡಿ. ಜಲಮಾರ್ಗ, ಇನ್ಲೆಟ್ ಪ್ರದೇಶದಲ್ಲಿ ಮುಳುಗಿದವರು ಅದರಿಂದ 100 ಅಡಿಯೊಳಗೇ ಇರಬೇಕು. ಜೋಡಿಗೊಂದು ಬಾವುಟ. ಹಗ್ಗ 8, 9 ಮೀಟರ್ ಸಾಕು. ಉದ್ದವಾದಷ್ಟೂ ಕಂಬಕ್ಕೆ ಸುತ್ತಿಕೊಳ್ಳುತ್ತದೆ. ರೀಲನ್ನು ಕೈಯಲ್ಲಿ ಹಿಡಿಯಿರಿ, ಮೈಗೆ ಕ್ಲಿಪ್ ಹಾಕಬೇಡಿ. ದೋಣಿಯೊಂದು ಬೂಯ್ ಎಳೆದುಕೊಂಡು ಹೋದರೆ ಕೈಬಿಡಲು ಬರಬೇಕು.

ಮೊದಲ ಡೈವ್ ಸ್ನಾರ್ಕೆಲ್ ಹಾದಿಯ ಮೇಲೆ. 2012ರಲ್ಲಿ ಸುಣ್ಣದ ಬಂಡೆಗಳನ್ನೂ ಸಿದ್ಧ ಕಾಂಕ್ರೀಟ್ ಗೂಡುಗಳನ್ನೂ ಇಳಿಸಿ ಮಾಡಿದ ಕೃತಕ ಬಂಡೆಸಾಲು ಅದು, ಆಳ 6ರಿಂದ 10 ಅಡಿ. ಈಜುವವರ ನಡುವೆ ಹಾಯದೆ ಪಕ್ಕದಿಂದ ಇಳಿಯಿರಿ. ಎದೆಮಟ್ಟದ ನೀರಿನವರೆಗೆ ಪಾದ ಎತ್ತದೆ ಮರಳಿನಲ್ಲಿ ಎಳೆದುಕೊಂಡು ನಡೆಯಬೇಕು. ಮರಳೊಳಗೆ ಹುದುಗಿದ ತೊರಕೆ ಮೀನು ಕಾಲಿನ ಸದ್ದಿಗೆ ಎದ್ದು ಹೋಗುತ್ತದೆ, ತುಳಿದರೆ ಬಾಲದ ಮುಳ್ಳು ಹೊಡೆಯುತ್ತದೆ. ಹೊಡೆದರೆ ಗಾಯವನ್ನು ತಡೆದುಕೊಳ್ಳುವಷ್ಟು ಬಿಸಿಯ ನೀರಿನಲ್ಲಿ, ಅಂದರೆ 45 ಡಿಗ್ರಿ ಮೀರದಂತೆ, ಅರ್ಧದಿಂದ ಒಂದೂವರೆ ಗಂಟೆ ಇಟ್ಟು ಆಸ್ಪತ್ರೆಗೆ ಹೋಗಬೇಕು. ಅದಕ್ಕೇ ಒಂದು ಥರ್ಮಾಸ್ ಬಿಸಿನೀರು ಗಾಡಿಯಲ್ಲಿರಲಿ. ಯಾರಿಗೂ ಏನೂ ಆಗದಿದ್ದರೆ ಕಾಫಿಗಾಯಿತು.

ಆಳ ಕಡಿಮೆ ಎಂದು ಉಸಿರು ಹಿಡಿಯುವ ಬಾವಿಯ ಚಾಳಿ ಇಲ್ಲಿ ಎಲ್ಲಕ್ಕಿಂತ ಅಪಾಯ. ಸಿಲಿಂಡರಿನ ಗಾಳಿ ಎಳೆದು, ಉಸಿರು ಕಟ್ಟಿ, ಎರಡೇ ಮೀಟರ್ ಮೇಲೇರಿದರೂ ಶ್ವಾಸಕೋಶ ಹರಿಯಬಹುದು. ಒತ್ತಡ ಅತಿ ಬೇಗ ಬದಲಾಗುವುದು ಮೇಲಿನ ಈ ಕೆಲವೇ ಮೀಟರಿನಲ್ಲಿ. ಬಾವಿಯಲ್ಲಿ ಮುಳುಗುವವರು ಮೇಲಿನಿಂದ ಗಾಳಿ ತಂದಿರುತ್ತಾರೆ, ಅದು ಮತ್ತೆ ಅಷ್ಟೇ ಹಿಗ್ಗುತ್ತದೆ. ಇಲ್ಲಿ ಗಾಳಿ ತುಂಬಿಕೊಂಡದ್ದು ಕೆಳಗೆ.

ಐದನೆಯ ದಿನ, ಮಂಗಳವಾರ, ಷಷ್ಠಿ

ತುದಿ 1:40. ಇವತ್ತು ಪೂರ್ವದ ಚಿಕ್ಕ ಸೇತುವೆ. ದಡ ಸೇತುವೆಯ ದಕ್ಷಿಣಕ್ಕಿರುವುದು ಇಲ್ಲಿನ ದೊಡ್ಡ ಅನುಕೂಲ. ಉಬ್ಬರದ ಕೊನೆಯ ಸೆಳೆತ ಉತ್ತರಕ್ಕೆ, ಸೇತುವೆಯ ಕಡೆಗೆ ಒಯ್ಯುತ್ತದೆ. ನೀರು ನಿಂತಾಗ ಕಂಬಗಳ ನಡುವೆ ನಿಧಾನ ನೋಡುವುದು. ಇಳಿತದ ಮೊದಲ ಸೆಳೆತ ದಕ್ಷಿಣಕ್ಕೆ, ದಡದ ಕಡೆಗೆ ವಾಪಸು ತರುತ್ತದೆ. ಈ ಕ್ರಮ ಸರಿಯಾಗಿ ಬಿದ್ದರೆ ಕಾಲು ದಣಿಯುವುದೇ ಇಲ್ಲ. ತಡವಾದರೆ ಅದೇ ಸೆಳೆತ ದಡವನ್ನೂ ದಾಟಿಸಿ ಪೀನಟ್ ದ್ವೀಪದ ಕಡೆ, ದೋಣಿಗಳ ದಾರಿಗೆ ಒಯ್ಯುತ್ತದೆ.

ನೀರು ನಿಂತಿದೆಯೋ ಇಲ್ಲವೋ ಎಂಬುದಕ್ಕೆ ಕೆಳಗೆ ಗಡಿಯಾರ ನೋಡಬೇಕಿಲ್ಲ. ಕಂಬಕ್ಕೆ ಅಂಟಿಕೊಂಡ ಪಾಚಿ ಎಳೆಗಳನ್ನು ನೋಡಿ. ಉಬ್ಬರವಿದ್ದಾಗ ಎಲ್ಲವೂ ಉತ್ತರಕ್ಕೆ ವಾಲಿ ನಡುಗುತ್ತಿರುತ್ತವೆ. ಮೆಲ್ಲಗೆ ನಡುಕ ನಿಲ್ಲುತ್ತದೆ, ಎಳೆಗಳು ನೇರವಾಗುತ್ತವೆ, ನೀರಿನಲ್ಲಿ ತೇಲುವ ಹೂಳಿನ ಕಣ ಅಡ್ಡ ಓಡುವುದು ಬಿಟ್ಟು ನೆಟ್ಟಗೆ ಕೆಳಗಿಳಿಯುತ್ತದೆ, ಬೂಯ್‌ನ ಹಗ್ಗ ತಲೆಯ ಮೇಲೆ ನೇರ ನಿಲ್ಲುತ್ತದೆ. ಎಳೆಗಳು ದಕ್ಷಿಣಕ್ಕೆ ವಾಲಲು ಶುರುವಾದ ಗಳಿಗೆಯೇ ತಿರುಗುವ ಗಳಿಗೆ, ಸಿಲಿಂಡರಿನಲ್ಲಿ ಎಷ್ಟೇ ಗಾಳಿ ಉಳಿದಿರಲಿ. ಹತ್ತು ನಿಮಿಷದಲ್ಲಿ ನೀರಿನ ಬಣ್ಣವೂ ಹಸಿರಿಗೆ ತಿರುಗುತ್ತದೆ.

ಸೇತುವೆಯ ಮೇಲಿಂದ ಗಾಳ ಹಾಕುವವರಿದ್ದಾರೆ. ಕಂಬಗಳ ಸುತ್ತ ಕಡಿದುಹೋದ ನೈಲಾನ್ ದಾರ, ಕೊಕ್ಕೆ, ಸೀಸದ ಗುಂಡು. ದಾರ ಕಣ್ಣಿಗೆ ಕಾಣುವುದಿಲ್ಲ, ಸಿಲಿಂಡರಿನ ಕವಾಟಕ್ಕೆ ಸಿಕ್ಕಿದಾಗಲೇ ಗೊತ್ತಾಗುವುದು. ತಿರುಗಿ ಬಿಡಿಸಿಕೊಳ್ಳಲು ಹೋದರೆ ಇನ್ನೂ ಸುತ್ತಿಕೊಳ್ಳುತ್ತದೆ. ನಿಂತಲ್ಲೇ ನಿಂತು ಜೋಡಿಯವರನ್ನು ಕರೆಯಬೇಕು, ಅವರು ಕತ್ತರಿಸಬೇಕು. ಚಾಕುವಿಗಿಂತ ಮೊಂಡು ಮೂತಿಯ ಕತ್ತರಿ ಮೇಲು, ಎದೆಯ ಎಡಬಲ ಎರಡೂ ಕೈಗೆ ಎಟಕುವಂತೆ ಇರಲಿ. ಕಾಲಿಗೆ ಕಟ್ಟಿದ ಕತ್ತರಿ ಬೇಕಾದಾಗ ಕೈಗೆ ಸಿಗುವುದಿಲ್ಲ.

ಆರನೆಯ ದಿನ, ಬುಧವಾರ, ಸಪ್ತಮಿ

ತುದಿ 2:40. ಸರಾಸರಿ 50 ನಿಮಿಷ ಎಂದರೂ ಅಷ್ಟಮಿ ಹತ್ತಿರವಾದಂತೆ ಈ ಅಂತರ ಒಂದು ಗಂಟೆಗೂ ಮೇಲೆ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಯ ಬಳಿ 40ರ ಸುಮಾರಿಗೆ ಇಳಿಯುತ್ತದೆ. ನಿನ್ನೆಯ ಹೊತ್ತಿಗೆ 50 ಕೂಡಿಸಿ ಇವತ್ತು ಹೊರಡುವವರಿಗೆ ಇಲ್ಲೇ ಲೆಕ್ಕ ತಪ್ಪುವುದು.

ಪಶ್ಚಿಮದ ಎತ್ತರದ ಸೇತುವೆ ಎಲ್ಲರಿಗೂ ಅಲ್ಲ. ಆಳ, ಸೆಳೆತ, ದೋಣಿಗಳು ಮೂರೂ ಜಾಸ್ತಿ. ಹಿಂದಿನ ಎರಡು ಡೈವಿನಲ್ಲಿ ಹೂಳೆಬ್ಬಿಸದೆ, ಬೂಯ್ ತೊಡರಿಸಿಕೊಳ್ಳದೆ, 700 ಪಿಎಸ್‌ಐ ಉಳಿಸಿ ಬಂದವರು ಮಾತ್ರ ಹೋಗಲಿ. ಮಿಕ್ಕವರು ಪೂರ್ವಕ್ಕೇ ಮತ್ತೆ ಹೋದರೆ ನಷ್ಟವೇನಿಲ್ಲ. ನಿಜ ಹೇಳಬೇಕೆಂದರೆ ನೋಡುವಂಥ ಜೀವಿಗಳು ಪೂರ್ವದಲ್ಲೂ ಅಷ್ಟೇ ಇವೆ, ಪಶ್ಚಿಮದ ಹೆಸರು ದೊಡ್ಡದು ಅಷ್ಟೆ.

ಹೋಗುವವರು ಜಲಮಾರ್ಗದ ನಡುವೆ ಯಾವ ಕಾರಣಕ್ಕೂ ಮೇಲೆ ಬರಬಾರದು. ದಾರಿ ತಪ್ಪಿದರೆ ದಿಕ್ಸೂಚಿ ಪೂರ್ವಕ್ಕೆ ಹಿಡಿದು, ತಳಕ್ಕೆ ಹತ್ತಿರವಾಗಿ, ಪಾರ್ಕಿನ ದಡ ಏರುವವರೆಗೆ ಸಾಗಿ. ಸೆಳೆತ ತಳದಲ್ಲಿ ಕಡಿಮೆ, ಕಂಬದ ಮರೆಯಲ್ಲಿ ಇನ್ನೂ ಕಡಿಮೆ. ಒಂದು ಮರೆಯಿಂದ ಇನ್ನೊಂದು ಮರೆಗೆ ಹಾಯುತ್ತ ಬನ್ನಿ. ಸೆಳೆತಕ್ಕೆ ಎದುರಾಗಿ ಒದೆಯುವುದರಿಂದ ಉಸಿರು ದುಪ್ಪಟ್ಟಾಗುತ್ತದೆ, 47 ನಿಮಿಷದ ಲೆಕ್ಕ 23ಕ್ಕೆ ಬರುತ್ತದೆ. ಅಡ್ಡಕ್ಕೆ, ದಡದ ಕಡೆಗೆ ಮಾತ್ರ ಒದೆಯಿರಿ.

ಏಳನೆಯ ದಿನ, ಗುರುವಾರ, ಅಷ್ಟಮಿ

ತುದಿ 3:45. ಸೆಳೆತ ಬಹಳ ಮೆದು, ನೀರು ನಿಲ್ಲುವ ಹೊತ್ತೂ ಉದ್ದ. ಕೊನೆಯ ಡೈವನ್ನು ಸುಮ್ಮನೆ ನೋಡುವುದಕ್ಕೆಂದೇ ಇಡಬೇಕು. ಪೂರ್ವ ಸೇತುವೆಗೂ ದಡಕ್ಕೂ ನಡುವಿನ ಮರಳು, ಕಲ್ಲುಚೂರುಗಳ ಜಾಗ ಸಾಕು. ಹತ್ತು ಮೀಟರ್ ಹೋಗಲು ಹತ್ತು ನಿಮಿಷ ತೆಗೆದುಕೊಳ್ಳಿ.

ಕಡಲಕುದುರೆ ಸಿಗುವುದು ಹಗ್ಗ, ಪಾಚಿ, ಸ್ಪಂಜಿನ ಬುಡಗಳಲ್ಲಿ. ಬಾಲ ಸುತ್ತಿಕೊಂಡು ನಿಂತಿದ್ದು, ಬೆಳಕು ಹಾಕಿದರೆ ಮುಖ ಆಚೆ ತಿರುಗಿಸುತ್ತದೆ. ಮರಳಿನ ಸಣ್ಣ ಬಿಲಗಳಲ್ಲಿ ಜಾಫಿಶ್. ಗಂಡು ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಪಾಡುತ್ತದೆ. ಬಿಲದ ಮುಂದೆ ಎರಡು ಮೂರು ನಿಮಿಷ ಅಲುಗಾಡದೆ ಇದ್ದರೆ ತಲೆ ಹೊರಹಾಕುತ್ತದೆ, ಬಾಯಿ ಉಬ್ಬಿರುತ್ತದೆ, ಆಗಾಗ ಮೊಟ್ಟೆಗಳನ್ನು ಅರ್ಧ ಹೊರತಂದು ತಿರುವಿ ಒಳಗೆಳೆದುಕೊಳ್ಳುತ್ತದೆ. ಫ್ಲೈಯಿಂಗ್ ಗರ್ನಾರ್ಡ್ ಎಂಬ ಮೀನು ಮರಳ ಮೇಲೆ ನಡೆದಂತೆ ಸಾಗಿ, ಬೆದರಿದರೆ ನೀಲಿ ಅಂಚಿನ ರೆಕ್ಕೆ ಬಿಚ್ಚುತ್ತದೆ. ಮರಳಿನಲ್ಲಿ ಎರಡು ಕಣ್ಣು, ಒಂದು ಬಾಯಿಗೀಟು ಮಾತ್ರ ಕಂಡರೆ ಅದು ಸ್ಟಾರ್‌ಗೇಜರ್ ಮೀನು. ವಿಷಮುಳ್ಳೂ ಇದೆ, ವಿದ್ಯುತ್ ಹೊಡೆತ ಕೊಡುವ ಅಂಗವೂ ಇದೆ, ಮೊಣಕಾಲೂರಿ ಫೋಟೋ ತೆಗೆಯುವವರು ಊರುವ ಮೊದಲು ಮರಳನ್ನು ಒಮ್ಮೆ ನೋಡಬೇಕು. ಕಡಲಹಸು ಎನ್ನುವ ಮ್ಯಾನಟೀ ಎದುರಾದರೆ ಹಿಂಬಾಲಿಸಬಾರದು, ಮುಟ್ಟಬಾರದು, ಅದು ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ.

ರಾತ್ರಿ ಡೈವ್ ಈ ಪ್ರವಾಸದಲ್ಲಿ ಕೂಡುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಪಾರ್ಕಿಗೆ ಡೈವಿಗೆಂದು ಹೋಗುವುದು ಅನುಮತಿ ಪಡೆದ ಅಂಗಡಿಗಳ ತಂಡದ ಜೊತೆ ಮಾತ್ರ. ಉಬ್ಬರದ ತುದಿ ರಾತ್ರಿ 8, 9ಕ್ಕೆ ಬೀಳುವುದೂ ಅಮಾವಾಸ್ಯೆ, ಹುಣ್ಣಿಮೆಯ ಒಂದೆರಡು ದಿನ ಮುಂಚೆ. ಅದು ಬೇಕಾದವರು ಬೇರೆಯೇ ವಾರ ಆರಿಸಿ, ಜೋರು ಸೆಳೆತಕ್ಕೂ ಸಿದ್ಧರಾಗಿ ಬರಬೇಕು.

ಎಂಟನೆಯ ದಿನ, ಶುಕ್ರವಾರ

ಹಲವು ದಿನ ಡೈವ್ ಮಾಡಿದವರು ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕು. ನಿನ್ನೆ 4:15ಕ್ಕೆ ಮೇಲೆ ಬಂದಿದ್ದರೆ ಇವತ್ತು ಬೆಳಗ್ಗೆ 10:15ರ ಮೇಲೆ. ರಾತ್ರಿಯ ವಿಮಾನವಾದರೆ ಸಾಮಾನು ಒಣಗಿಸಲೂ ಹೊತ್ತು ಸಿಗುತ್ತದೆ.

ತೊಳೆಯುವುದು ಸಿಹಿನೀರಿನಲ್ಲಿ. ರೆಗ್ಯುಲೇಟರಿನ ಫಸ್ಟ್ ಸ್ಟೇಜಿಗೆ, ಅಂದರೆ ಸಿಲಿಂಡರಿಗೆ ಕೂಡುವ ತುದಿಗೆ, ಧೂಳುಮುಚ್ಚಳ ಬಿಗಿಯಾಗಿರಲಿ, ನೆನೆದಿರುವಾಗ ಬಾಯಿಯ ಕಡೆಯ ತುದಿಯಲ್ಲಿರುವ ಪರ್ಜ್ ಗುಂಡಿ ಒತ್ತಬೇಡಿ, ಒತ್ತಿದರೆ ನೀರು ಹೋಸಿನೊಳಗೆ ಹೋಗುತ್ತದೆ. ಬಿಸಿಡಿಯೊಳಗೆ ಒಂದು ಲೀಟರ್ ಸಿಹಿನೀರು ತುಂಬಿ, ಗಾಳಿ ಊದಿ, ಕುಲುಕಿ, ಕೆಳಗಿನ ಕವಾಟದಿಂದ ಬಸಿಯಿರಿ. ಎರಡನೇ ಸಲ ಬಸಿದ ನೀರನ್ನು ನಾಲಿಗೆಗೆ ತಾಗಿಸಿ, ಉಪ್ಪಿದ್ದರೆ ಇನ್ನೊಂದು ಸಲ. ಹೂಳು ಸೇರುವುದು ಬಿಸಿಡಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಗುಂಡಿಯ ಸಂದಿಯಲ್ಲಿ. ಅದು ಒಣಗಿ ಗಟ್ಟಿಯಾದರೆ ಮುಂದಿನ ಡೈವಿನಲ್ಲಿ ಗುಂಡಿ ಒಳಗೇ ಸಿಕ್ಕಿಕೊಂಡು ಬಿಸಿಡಿ ತಾನೇ ಉಬ್ಬುತ್ತದೆ.

ಲಾಗ್ ಪುಸ್ತಕದಲ್ಲಿ ಆಳ ಬರೆಯುವುದನ್ನು ಯಾರೂ ಮರೆಯುವುದಿಲ್ಲ. ಇಲ್ಲಿ ಬರೆಯಬೇಕಾದದ್ದು ಬೇರೆ: ತಿಥಿ, ಪಟ್ಟಿಯ ಹೊತ್ತು, ನೀರು ನಿಜವಾಗಿ ನಿಂತ ಹೊತ್ತು, ಗಾಳಿಯ ದಿಕ್ಕು, ಸೀಸದ ತೂಕ, ಸೂಟಿನ ದಪ್ಪ, ದಡಕ್ಕೆ ಬಂದಾಗ ಉಳಿದ ಪಿಎಸ್‌ಐ.